ನಿಮ್ಮ ತಾತನ ಹಿಂದೆ ಎರಡು ಹೆಜ್ಜೆ

ಪುಟ್ಟೀ, ಚಿನ್ನೂ, ಹೋದ ಭಾನುವಾರ ಟೀವಿಯಲ್ಲಿ ಜನ ರಸ್ತೆ ತುಂಬ ಓಡುತ್ತಿದ್ದರಲ್ಲ, ಅದನ್ನು ನೋಡುತ್ತಾ ನನ್ನ ಬಾಯಿಂದ ಒಂದು ಮಾತು ಬಂದುಬಿಟ್ಟಿತು. "ಆ ನೀಲಿ ಬನೀನಿನವಳು ಬೇಗ ಸುಸ್ತಾಯ್ತಾಳೆ ನೋಡಿ, ಈಗ್ಲೇ ಬಾಯಲ್ಲಿ ಉಸಿರು ಬುಡ್ತಾವ್ಳೆ" ಎಂದೆ. ನೀವಿಬ್ಬರೂ ತಿರುಗಿ ನನ್ನ ಮುಖ ನೋಡಿದಿರಿ. "ನಿಂಗೆ ಹೆಂಗೆ ಗೊತ್ತು ಅಜ್ಜಿ?" ಎಂದು ಕೇಳಿದಿರಿ. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಎದ್ದು ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ.

ನನಗೆ ಇದನ್ನು ನಿಮ್ಮ ಎದುರು ಕೂತು ಹೇಳಲು ನಾಚಿಕೆ. ಬಾಯಲ್ಲಿ ಬಾರದ್ದು ಕೈಯಲ್ಲಿ ಬರಬಹುದೆಂದು ಬರೆಯುತ್ತಿದ್ದೇನೆ. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ. ತಪ್ಪಿದ್ದರೆ ತಿದ್ದಿಕೊಳ್ಳಿ.

ತೊಂಬತ್ತರ ದಶಕದಲ್ಲಿ ನಿಮ್ಮ ತಾತ ಮತ್ತು ನಾನು ರಸ್ತೆ ಓಟಗಳಲ್ಲಿ ಓಡುತ್ತಿದ್ದೆವು. ನಂಬದಿದ್ದರೆ ನಿಮ್ಮ ಅಮ್ಮನನ್ನು ಕೇಳಿ.

ತಾತ ನಾಲೆಯ ನೀರಗಂಟಿ. ಯಾವ ತೂಬನ್ನು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಯಾವ ದಿನ ನೀರು ಎಂದು ನೋಡಿಕೊಳ್ಳುವ ಕೆಲಸ. ನಮ್ಮೂರಿಂದ ಕಿರಂಗೂರಿನ ಕಡೆಗೆ ನಾಲೆ ಏರಿಯ ಮೇಲೆ ದಿನಾ ಹೋಗಿ ಬರಬೇಕಿತ್ತು. ಅವರಿಗೆ ಒಂದು ಸೈಕಲ್ ಇತ್ತು. ಅದು ಪಂಕ್ಚರ್ ಆದ ದಿನ ಓಡಿಕೊಂಡು ಹೋಗಿ ಬಂದರು. ಮಾರನೇ ದಿನ ಟ್ಯೂಬಿಗೆ ಪ್ಯಾಚ್ ಹಾಕಿಸಿದ ಮೇಲೂ ಓಡಿಕೊಂಡೇ ಹೋದರು. ಆಮೇಲೆ ಸೈಕಲ್ಲಿನ ಮೇಲೆ ನಮ್ಮತ್ತೆ ಹಪ್ಪಳದ ಬಟ್ಟೆ ಒಣಹಾಕತೊಡಗಿದರು.

ಅವರು ಮೊದಲು ಓಡಿದ್ದು ಶ್ರೀರಂಗಪಟ್ಟಣದಲ್ಲಿ, ಒಂದು ಆಗಸ್ಟ್ ಹದಿನೈದರಂದು. ಯುವಕರ ಸಂಘದವರು ಕೋಟೆ ಸುತ್ತ ಓಟ ಇಟ್ಟಿದ್ದರು. ಖಾಕಿ ನಿಕ್ಕರು, ಬರಿಗಾಲು. ಸಂಜೆ ಒಂದು ಟವೆಲ್ ಹೆಗಲ ಮೇಲೆ ಹಾಕಿಕೊಂಡು ಬಂದರು. "ಎಷ್ಟನೇದು ಬಂದ್ಯಲಾ?" ಎಂದು ನಮ್ಮತ್ತೆ ಕೇಳಿದರು. "ಬಹುಮಾನ ಬಂತು ಬುಡವ್ವ" ಎಂದರು. ಎರಡು ದಿನ ಕಳೆದ ಮೇಲೆ ಪಕ್ಕದ ಮನೆಯವರಿಂದ ನಿಜ ತಿಳಿಯಿತು. ಓಡಿದವರಲ್ಲಿ ಎಲ್ಲರಿಗಿಂತ ಹಿರಿಯ ಎಂದು ಕೊಟ್ಟ ಟವೆಲ್ ಅದು. ಆಗ ಅವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ನಮ್ಮತ್ತೆ ವರ್ಷಗಟ್ಟಲೆ ಅದನ್ನು ಮುದುಕಪ್ಪನ ಟವೆಲ್ ಎಂದೇ ಕರೆದರು.

ನಾನು ಓಡಲು ಶುರು ಮಾಡಿದ್ದು ಎಮ್ಮೆಯಿಂದ. ಒಂದು ಬೆಳಿಗ್ಗೆ ಅದು ಗೂಟ ಕಿತ್ತುಕೊಂಡು ಏರಿಯ ಮೇಲೆ ಓಡಿತು. ನಾನು ಹಿಂದೆಯೇ ಓಡಿ ಎರಡನೇ ತೂಬಿನ ಹತ್ತಿರ ಹಗ್ಗ ಹಿಡಿದೆ. ತೂಬಿನ ಮೇಲೆ ಕೂತಿದ್ದ ನಿಮ್ಮ ತಾತ ಎಲ್ಲವನ್ನೂ ನೋಡಿದ್ದರು.

"ಎಮ್ಮೆ ಹಿಂದೆ ಇಷ್ಟ್ ಜೋರಾಗಿ ಓಡೋಳು ನನ್ ಜೊತೆ ಓಡಕೇನು ಕಾಯ್ಲೆ ಕಣಮ್ಮಿ?" ಎಂದರು.

"ಜನ ನೋಡುದ್ರೆ ಏನಂದಾರು?"

"ಎಮ್ಮೆ ತಪ್ಪುಸ್ಕಂಡದೆ ಅನ್ನು."

ಹಾಗೆಯೇ ಹೇಳಿದೆ. ಸೂರ್ಯ ಮೇಲೇರುವ ಮುಂಚೆ ಓಡಿ ಬರುತ್ತಿದ್ದೆವು. ದಾರಿಯಲ್ಲಿ ಯಾರು ಸಿಕ್ಕರೂ ನಾನು "ಎಮ್ಮೆ, ಎಮ್ಮೆ" ಎನ್ನುತ್ತಾ ತಲೆ ತಗ್ಗಿಸಿ ಓಡುತ್ತಿದ್ದೆ. ಒಂದು ತಿಂಗಳಾದ ಮೇಲೆ ಬತ್ತದ ಗದ್ದೆಯಲ್ಲಿದ್ದ ಒಬ್ಬರು, "ಆ ಎಮ್ಮೇನ ಮಾರ್ಬುಡವ್ವ, ದಿನಾ ಓಡ್ಸ್ತದೆ ನಿನ್ನ" ಎಂದರು.

ನಮ್ಮತ್ತೆ ಬೈಯುತ್ತಾರೆಂದು ಹೆದರಿದ್ದೆ. ಅವರು ಹೇಳಿದ್ದು ಇಷ್ಟೇ. "ಓಡೋದಾದ್ರೆ ನೆಟ್ಗೆ ಓಡವ್ವ. ನಿರಿಗೆ ಕಾಲಿಗೆ ಸಿಕ್ಕಂಡು ಬಿದ್ದು ಹಲ್ಲು ಮುರ್ಕಂಡ್ರೆ ನಿಮ್ಮವ್ವಂಗೆ ನಾನೇನು ಹೇಳ್ಲಿ?" ಗದ್ದೆಗೆ ನಾಟಿಗೆ ಇಳಿಯುವಾಗ ಕಟ್ಟುವಂತೆ ಅವರೇ ನನ್ನ ಸೀರೆಯನ್ನು ಎತ್ತಿ ಕಟ್ಟಿದರು. ಅದರ ಮೇಲೆ ತಾತನ ತುಂಬು ತೋಳಿನ ಅಂಗಿ, ಕಾಲಿಗೆ ಕ್ಯಾನ್ವಾಸ್ ಶೂ. ಎಲ್ಲ ಓಟಗಳಿಗೂ ನನ್ನ ವೇಷ ಅದೇ.

ಪಾಂಡವಪುರದ ಓಟ ನನಗೆ ತುಂಬಾ ಇಷ್ಟವಾಗಿತ್ತು. ಕಬ್ಬು ಕಡಿಯುವ ಕಾಲ. ಕಬ್ಬು ತುಂಬಿದ ಟ್ರಾಕ್ಟರುಗಳು ನಮ್ಮ ಜೊತೆಯಲ್ಲೇ ಸಾಲಾಗಿ ಹೋಗುತ್ತಿದ್ದವು. ಅವುಗಳ ಹಿಂದೆ ಓಡಿದರೆ ಎದುರುಗಾಳಿ ತಟ್ಟುವುದಿಲ್ಲ ಎಂದು ತಾತ ಕಂಡುಹಿಡಿದರು. ಜೊತೆಯಲ್ಲಿ ಓಡುತ್ತಿದ್ದ ಒಬ್ಬ ಮೇಷ್ಟ್ರು ಒಂದು ಜಲ್ಲೆ ಎಳೆದುಕೊಂಡು ತಿನ್ನುತ್ತಾ ಓಡಿದರು. ಮುಗಿಯುವ ಕಡೆ ಸಿಪ್ಪೆ ಉಗಿಯುತ್ತಾ ಬಂದವರನ್ನು ನೋಡಿ, ಓಟ ಇಟ್ಟವರು ಬಹುಮಾನ ಕೊಡುವುದೋ ಬೇಡವೋ ಎಂದು ಯೋಚನೆಗೆ ಬಿದ್ದರು.

ನನ್ನ ಎಡವಟ್ಟು ಬೆಳಕಿಗೆ ಬಂದದ್ದು ಕೆ.ಆರ್. ಪೇಟೆಯಲ್ಲಿ. ಅಲ್ಲಿ ಗಂಡಸರನ್ನೂ ಹೆಂಗಸರನ್ನೂ ಒಟ್ಟಿಗೇ ಓಡಲು ಬಿಡುತ್ತಿದ್ದರು, ಬಹುಮಾನ ಮಾತ್ರ ಬೇರೆ ಬೇರೆ. ಅರ್ಧ ದಾರಿಯವರೆಗೆ ಹೆಂಗಸರಲ್ಲಿ ನಾನೇ ಮುಂದಿದ್ದೆ. ಅಷ್ಟರಲ್ಲಿ ತಾತನ ಹೊಸ ಶೂ ಹಿಮ್ಮಡಿ ಕಚ್ಚತೊಡಗಿತು. ಅವರು ನಿಧಾನವಾದರು. ನಾನೂ ನಿಧಾನವಾದೆ. ಒಬ್ಬ ಕಾಲೇಜು ಹುಡುಗಿ ನಮ್ಮನ್ನು ದಾಟಿದಳು. ಆಮೇಲೆ ಇಬ್ಬರು ಟೀಚರುಗಳು ಮಾತಾಡಿಕೊಂಡೇ ದಾಟಿದರು. "ಹೋಗಮ್ಮಿ, ನೀನು ಹೋಗು" ಎಂದರು ತಾತ. ಹೂಂ ಎಂದೆ, ಹೋಗಲಿಲ್ಲ. ನಾಲ್ಕನೆಯವಳಾದೆ. ಬಹುಮಾನ ಮೂವರಿಗೆ ಮಾತ್ರ.

ಬಸ್ ಸ್ಟ್ಯಾಂಡಿನಲ್ಲಿ ವಿಚಾರಣೆ ನಡೆಯಿತು.

"ಸುಸ್ತಾಗಿತ್ತಾ?"

"ಇಲ್ಲ."

"ಹೊಟ್ಟೆ ಹಿಡ್ಕಂಡಿತ್ತಾ?"

"ಇಲ್ಲ."

"ಮತ್ಯಾಕಮ್ಮಿ ಹೋಗ್ಲಿಲ್ಲ?"

"ನೀವು ಮುಂದ್ಗಡೆ ಇದ್ರಲ್ಲ."

"ಹತ್ತಿ ಸ್ವಾಮಿ, ಬಸ್ಸು ಒಂಟೋಯ್ತದೆ" ಎಂದು ಕಂಡಕ್ಟರ್ ಕೂಗಿದ ಮೇಲೆ ತಾತ ಹತ್ತಿದರು. ಬಸ್ಸಿನಲ್ಲಿ ಮೊದಲು ಸಿಟ್ಟು ಮಾಡಿಕೊಂಡು ಕಿಟಕಿ ಕಡೆ ತಿರುಗಿ ಕೂತರು. ಅರ್ಧ ಗಂಟೆ ಕಳೆದ ಮೇಲೆ ಅವರ ಬೆನ್ನು ಕುಲುಕುವುದು ಕಾಣಿಸಿತು. ನಗುತ್ತಿದ್ದರು.

ನಿಮಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮ ಕಡೆ ಆಗ ಹೆಂಗಸರು ಗಂಡನ ಮುಂದೆ ನಡೆಯುತ್ತಿರಲಿಲ್ಲ. ಸಂತೆಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ಎರಡು ಹೆಜ್ಜೆ ಹಿಂದೆ. ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಅವ್ವ ಅಪ್ಪನ ಹಿಂದೆ ನಡೆದದ್ದನ್ನು ನೋಡಿ ನನ್ನ ಕಾಲು ಕಲಿತುಕೊಂಡಿತ್ತು. ನಡೆಯುವುದಕ್ಕೆ ಒಂದು ಕಾಲು, ಓಡುವುದಕ್ಕೆ ಬೇರೆ ಕಾಲು ಎಲ್ಲಿಂದ ತರಲಿ?

ಅಲ್ಲಿಂದ ಮುಂದೆ ತಾತ ನನಗೆ ಮುಂದೆ ಹೋಗುವುದನ್ನು ಕಲಿಸಲು ಹೊರಟರು. ಏರಿಯ ಮೇಲೆ ಬೇಕೆಂದೇ ಕುಂಟಿಕೊಂಡು ಓಡಿದರು. ನಾನು ಹಿಂದೆ ನಿಂತು "ಮುಳ್ಳು ಚುಚ್ತಾ?" ಎಂದು ಕೇಳಿದೆ. ಒಂದು ದಿನ ಬಾಬುರಾಯನಕೊಪ್ಪಲಿಗೆ ಹೋಗುವಾಗ ನನ್ನನ್ನು ಮುಂದೆ ನಡೆಸಿ ತಾವು ಹಿಂದೆ ಬಂದರು. ಎದುರಿಗೆ ಸಿಕ್ಕ ಅವರ ಗೆಳೆಯರೊಬ್ಬರು, "ಏನ್ಲಾ, ಹೆಂಡ್ತೀನ ಸ್ಟೇಷನ್‌ಗೆ ಹಿಡ್ಕೊಡಾಕೆ ಕರ್ಕಂಡೋಯ್ತಿದ್ದೀಯಾ?" ಎಂದರು. ನನಗೆ ಭೂಮಿಯೊಳಗೆ ಹೋಗುವಷ್ಟು ನಾಚಿಕೆಯಾಯಿತು. ಆ ಪಾಠ ಅಲ್ಲಿಗೆ ನಿಂತಿತು.

ಅದೇ ವರ್ಷ ಬೇಸಿಗೆಯಲ್ಲಿ ನನ್ನ ಅಣ್ಣನಿಂದ ಒಂದು ಕಾರ್ಡು ಬಂತು.

ನನ್ನ ತವರು ನಾಗಮಂಗಲ ತಾಲ್ಲೂಕಿನಲ್ಲಿ, ಬೆಳ್ಳೂರು ಕ್ರಾಸಿನಿಂದ ಒಳಗೆ ಹೋಗಬೇಕು. ಊರಲ್ಲಿ ಹೈಸ್ಕೂಲು ಇತ್ತು, ಹೆಣ್ಣುಮಕ್ಕಳಿಗೆ ಪಾಯಿಖಾನೆ ಇರಲಿಲ್ಲ. ಬೇಲಿ ಮರೆಯೇ ಗತಿ. ನಾನು ಏಳನೇ ಕ್ಲಾಸಿಗೆ ನಿಂತದ್ದಕ್ಕೆ ಬೇರೆ ಯಾವ ಕಾರಣವೂ ಇರಲಿಲ್ಲ ಮಕ್ಕಳೇ. ದೊಡ್ಡವಳಾದೆ, ನಿಂತೆ. ಈಗ ಅಣ್ಣನ ಮಗಳು ಏಳನೆಯದು ಪಾಸಾಗಿದ್ದಳು. ಲೆಕ್ಕದಲ್ಲಿ ಇಡೀ ಶಾಲೆಗೆ ಮುಂದು. ಅವಳನ್ನೂ ನಿಲ್ಲಿಸುವುದೆಂದು ಮನೆಯಲ್ಲಿ ಮಾತಾಗಿತ್ತು.

ಹೆಡ್‌ಮಾಸ್ಟರು ಪಾಯಿಖಾನೆ ಕಟ್ಟಿಸಲು ಒಂದು ಸಹಾಯದ ಓಟ ಇಟ್ಟಿದ್ದರು. ಕ್ರಾಸಿನಿಂದ ಶಾಲೆಯವರೆಗೆ ಓಡುವುದು, ಊರವರು ಕೈಲಾದದ್ದು ಕೊಡುವುದು. ಒಬ್ಬರು ಬಾಗಿಲು ಕೊಡುತ್ತೇನೆಂದರು, ಒಬ್ಬರು ಶೀಟು, ಇನ್ನೊಬ್ಬರು ಎರಡು ಗಾಡಿ ಮರಳು. ಇಟ್ಟಿಗೆ ಮಾತ್ರ ಇಲ್ಲ. ಇಟ್ಟಿಗೆ ಗೂಡಿನ ಯಜಮಾನರು ಹೋಟೆಲಿನಲ್ಲಿ ಕೂತು ಒಂದು ಮಾತು ಬಿಟ್ಟಿದ್ದರು. "ಗಂಡ ಎಂಡ್ತಿ ಇಬ್ರೂ ಓಡಿ, ಎಂಡ್ತಿ ಗಂಡನ್ನ ಇಂದಾಕುದ್ರೆ ಒಂದು ಲಾರಿ ಇಟ್ಟಿಗೆ ನಂದು. ಗಂಡ ಬೇಕಂತ ಸೋತ ಅಂತ ಗೊತ್ತಾದ್ರೆ ಒಂದು ಚೂರೂ ಇಲ್ಲ." ಅಂಥ ಜೋಡಿ ಎಲ್ಲಿಂದ ಬರಬೇಕು ಎಂದು ಎಲ್ಲರೂ ನಕ್ಕಿದ್ದರಂತೆ. ಅಣ್ಣ ಮಾತ್ರ ಎದ್ದು ಹೋಗಿ ಕಾರ್ಡು ಬರೆದಿದ್ದ.

ತಾತ ಕಾರ್ಡನ್ನು ಎರಡು ಸಲ ಓದಿದರು. "ಬೇಕಂತ ಸೋಲಾದು ನಂಗೆ ಬರಾಕಿಲ್ಲ. ಆ ಇಟ್ಟಿಗೆ ಗೂಡಿನ್ ವಯ್ಯ ಬೈಕಲ್ಲಿ ಪಕ್ಕದಲ್ಲೇ ಬತ್ತಾನಂತೆ. ನಾನು ಜೀವ ಬುಟ್ಟು ಓಡ್ತೀನಿ. ನೀನೇ ಬರ್ಬೇಕು ಕಣಮ್ಮಿ" ಎಂದರು. ಅವತ್ತು ನಾನು ತೊಳಸಿದ ಮುದ್ದೆ ಗಂಟಾಯಿತು.

ಓಟದ ದಿನ ಕ್ರಾಸಿನಲ್ಲಿ ಮೂವತ್ತು ಜನ ಸೇರಿದ್ದರು. ಹೆಚ್ಚಿನವರು ಶಾಲೆಯ ಹುಡುಗರು. ಗಂಡ ಹೆಂಡತಿ ಎಂದರೆ ನಾವಿಬ್ಬರೇ. ಹೆಡ್‌ಮಾಸ್ಟರು ಶಿಳ್ಳೆ ಊದಿದರು. ಸ್ವಲ್ಪ ದೂರದಲ್ಲೇ ಹುಡುಗರೆಲ್ಲ ದೂಳೆಬ್ಬಿಸಿಕೊಂಡು ಮುಂದೆ ಹೋದರು. ಉಳಿದದ್ದು ತಾತ, ಎರಡು ಹೆಜ್ಜೆ ಹಿಂದೆ ನಾನು, ಪಕ್ಕದಲ್ಲಿ ಯಜಮಾನರ ಬೈಕು.

"ಅಳಿಮಯ್ಯ, ಜೋರಾಗೇ ಓಡ್ತಿದ್ದೀಯಲ್ಲಪ್ಪ. ಸಂತೋಷ" ಎಂದರು ಯಜಮಾನರು. ನಾನು ಆ ಊರ ಮಗಳಾದ್ದರಿಂದ ತಾತ ಅಲ್ಲಿ ಎಲ್ಲರಿಗೂ ಅಳಿಮಯ್ಯ.

ತಾತ ನಿಜವಾಗಿಯೂ ಜೋರಾಗಿ ಓಡುತ್ತಿದ್ದರು. ಆದರೂ ನನಗೆ ಉಸಿರು ಉಳಿದಿತ್ತು. ಮುಂದೆ ಹೋಗಬಹುದೆಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮನಸ್ಸು ಹೋಗು ಎನ್ನುತ್ತಿತ್ತು. ಅವರ ಭುಜದ ಹತ್ತಿರ ಬಂದ ಕೂಡಲೇ ಕಾಲು ತಾನಾಗಿ ಹಿಂದಾಗುತ್ತಿತ್ತು.

"ಅಲ್ಲ ತಾಯಿ, ಗಂಡನ್ ಬೆನ್ ಮ್ಯಾಲೆ ಏನಾರ ಬರ್ದದಾ? ಅದ್ನೇ ಓದ್ಕಂಡು ಬತ್ತಿದ್ದೀಯಲ್ಲ" ಎಂದರು ಯಜಮಾನರು.

ಊರು ಕಾಣಿಸಿತು. ಶಾಲೆಗೆ ಹೋಗುವ ಕೊನೆಯ ತಿರುವಿನಲ್ಲಿ ಹೆಣ್ಣುಮಕ್ಕಳು ನೀರಿನ ಚೊಂಬು ಹಿಡಿದು ಸಾಲಾಗಿ ನಿಂತಿದ್ದರು. ಅವರಲ್ಲಿ ಅಣ್ಣನ ಮಗಳೂ ಇದ್ದಳು. ಬೇರೆಯವರು ಕೂಗುತ್ತಿದ್ದರು, ಅವಳು ಕೂಗಲಿಲ್ಲ. ತಾತನ ಕಾಲು, ನನ್ನ ಕಾಲು, ಎರಡನ್ನೂ ನೋಡುತ್ತಿದ್ದಳು. ನಡುವಿನ ಜಾಗವನ್ನು ಲೆಕ್ಕ ಹಾಕುತ್ತಿದ್ದಾಳೆ ಅನ್ನಿಸಿತು. ಎರಡು ಹೆಜ್ಜೆ. ಅಷ್ಟರಿಂದ ಅವಳ ಓದು ನಿಲ್ಲುತ್ತಿತ್ತು.

ಅಲ್ಲಿ ದಾರಿ ಕಿರಿದಾಯಿತು. ಎರಡೂ ಕಡೆ ಕಳ್ಳಿ ಬೇಲಿ. ಹುಲ್ಲಿನ ಹೊರೆ ಹೊತ್ತು ಗದ್ದೆ ಬದುವಿನ ಮೇಲೆ ಬರುವಾಗ ಇಂಥದೇ ಇಕ್ಕಟ್ಟು. ಮುಂದೆ ಮಾವನವರೇ ನಿಧಾನವಾಗಿ ಹೋಗುತ್ತಿದ್ದರೂ ಒಂದು ಮಾತು ಕೇಳಿ ದಾಟುತ್ತಿದ್ದೆವು. ಕೇಳದೆ ನುಗ್ಗಿದರೆ ತಪ್ಪು. ಕೇಳಿ ಹೋದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಇಷ್ಟು ದಿನ ಇದು ನನಗೆ ಹೊಳೆದೇ ಇರಲಿಲ್ಲ.

"ವಸಿ ದಾರಿ ಬುಡಿ" ಎಂದೆ.

ತಾತನಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದೆ. ಅಷ್ಟು ಜನರ ಮುಂದೆ ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಮಾತಾಡಿದವಳಲ್ಲ. ತಾತ ಯೋಚನೆ ಮಾಡದೆ, ಯಾರು ಕೇಳಿದರೂ ಸರಿಯುವಂತೆ, ಒಂದು ಹೆಜ್ಜೆ ಎಡಕ್ಕೆ ಸರಿದರು. ನಾನು ದಾಟಿದೆ.

ಎದುರಿಗೆ ಬೆನ್ನಿಲ್ಲದ ದಾರಿ ಹೇಗಿರುತ್ತದೆಂದು ಅವತ್ತೇ ನೋಡಿದ್ದು. ಹಿಂದೆ ಅವರ ಶೂ ಸದ್ದು ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಬಿಡುವ ಆಸಾಮಿಯಲ್ಲ. ನಾನು ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು ಓಡಿದೆ. ಬರಬರುತ್ತಾ ಸದ್ದು ಹಿಂದೆ ಉಳಿಯಿತು. ಶಾಲೆಯ ಕಲ್ಲುಕಂಬ ಮುಟ್ಟಿ ತಿರುಗಿದಾಗ ಅವರು ಇನ್ನೂ ಹತ್ತು ಮಾರು ದೂರದಲ್ಲಿದ್ದರು. ಬಂದವರೇ ಮರಳಿನ ರಾಶಿಯ ಮೇಲೆ ಅಂಗಾತ ಬಿದ್ದುಕೊಂಡರು.

ಯಜಮಾನರು ಬೈಕಿಳಿದರು. "ಇದ್ ಆಗಾಕಿಲ್ಲ ಮೇಷ್ಟ್ರೆ. ನಾನೇ ಕಣ್ಣಾರೆ ನೋಡ್ದೆ. ಅಳಿಮಯ್ಯನೇ ದಾರಿ ಬುಟ್ಟ."

ಹೆಡ್‌ಮಾಸ್ಟರು ಶಿಳ್ಳೆಯನ್ನು ಒರೆಸಿಕೊಂಡರು. ತಾತ ಮಲಗಿದ್ದಲ್ಲಿಂದಲೇ ಮಾತಾಡಿದರು. "ಕೇಳುದ್ಲು, ಬುಟ್ಟೆ. ದಾರಿ ಕೇಳುದ್ರೆ ನೀವು ಬುಡಾಕಿಲ್ವಾ? ಆಮ್ಯಾಕೆ ಇಡ್ಯಾಕೋದೆ. ಸಿಕ್ಕುದ್ಲಾ? ಬನ್ನಿ, ಎದೆ ಮುಟ್ಟಿ ನೋಡಿ."

ಯಜಮಾನರು ಬಗ್ಗಿ ಅವರ ಎದೆಯ ಮೇಲೆ ಕೈಯಿಟ್ಟರು. ಎಷ್ಟು ಹೊತ್ತಾದರೂ ಕೈ ತೆಗೆಯಲೇ ಇಲ್ಲ.

"ಅಕ್ಕಿ ಗಿರಣಿ ಓಡ್ದಂಗೆ ಓಡ್ತಾದಲ್ಲಪ್ಪ" ಎಂದರು. "ಇವ್ನಿಗೆ ಮೊದ್ಲು ನೀರು ಕೊಡಿ. ಬೇಕಂತ ಸೋತೋನಲ್ಲ ಇವ್ನು. ಇಟ್ಟಿಗೆ ಸೋಮವಾರ ಬತ್ತದೆ." ಆಮೇಲೆ ನನ್ನ ಕಡೆ ತಿರುಗಿ, "ತಾಯಿ, ಈ ಮಾತ ನಮ್ಮನೆಯೋಳಿಗೆ ಮಾತ್ರ ಹೇಳ್ಬ್ಯಾಡ" ಎಂದರು.

ಇಟ್ಟಿಗೆ ಸೋಮವಾರ ಬರಲಿಲ್ಲ, ಗುರುವಾರ ಬಂತು. ಒಳ್ಳೆಯ ಇಟ್ಟಿಗೆ. ಊರ ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿ ಇಳಿಸಿದರು. ಮನೆಗೆ ಬಂದ ಮೇಲೆ ತಾತ ಎರಡು ದಿನ ಮೆಟ್ಟಿಲು ಹತ್ತಲಾರದೆ ಜಗುಲಿಯ ಮೇಲೆ ಕೂತು ಎಲ್ಲರಿಗೂ ತಾವು ಸೋತ ಕಥೆ ಹೇಳಿದರು. ಸೋತದ್ದನ್ನು ಅಷ್ಟು ಖುಷಿಯಾಗಿ ಹೇಳುವವರನ್ನು ನಾನು ಬೇರೆ ಕಂಡಿಲ್ಲ. ನಮ್ಮತ್ತೆ ಕೇಳಿ, "ಇನ್ನೊಂದು ಟವೆಲ್ ಕೊಟ್ರೇನ್ಲಾ?" ಎಂದರು.

ಮಳೆಗಾಲಕ್ಕೆ ಮುಂಚೆ ಶೀಟು ಹಾಕಿ ಬಾಗಿಲು ನಿಲ್ಲಿಸಿದರು. ಅಣ್ಣನ ಮಗಳು ಎಂಟನೆಯ ಕ್ಲಾಸಿಗೆ ಹೋದಳು. ಅವಳ ಹಿಂದೆ ಇನ್ನೂ ಆರು ಹುಡುಗಿಯರು ಹೋದರು. ಹತ್ತನೆಯದು ಮುಗಿಸಿ, ಮುಂದೆಯೂ ಓದಿದಳು. ಹಬ್ಬಕ್ಕೆ ಬಂದಾಗಲೆಲ್ಲ ನಿಮ್ಮಿಬ್ಬರನ್ನೂ ನಿಲ್ಲಿಸಿ ಮಗ್ಗಿ ಕೇಳುವ ಲೆಕ್ಕದ ಟೀಚರು ಅವಳೇ. ಮುಂದಿನ ಸಲ ಹದಿನೇಳರ ಮಗ್ಗಿ ಕೇಳಿದರೆ ಬೈದುಕೊಳ್ಳಬೇಡಿ.

ತಾತ ಹೋಗಿ ಆರು ವರ್ಷವಾಯಿತು. ಇರುವಾಗ ಅವರ ಮುಂದೆ ಕೂತು ಇದನ್ನೆಲ್ಲ ಹೇಳಿದ್ದರೆ ನಡುನಡುವೆ ಬಾಯಿ ಹಾಕಿ ಇನ್ನೂ ಚೆನ್ನಾಗಿ ಹೇಳುತ್ತಿದ್ದರು.

ನಿಮ್ಮ ಅಂಕಪಟ್ಟಿಗಳನ್ನು ಇಡುವ ಪ್ಲಾಸ್ಟಿಕ್ ಕವರಿದೆಯಲ್ಲ, ಈ ಹಾಳೆಗಳನ್ನು ಅದರೊಳಗೆ ಇಡಿ. ಓದಿದ್ದಕ್ಕೆ ಗುರುತಾಗಿ ನನ್ನ ಹತ್ತಿರ ಏಳನೇ ಕ್ಲಾಸಿನದೊಂದು ಕಾಗದ ಬಿಟ್ಟರೆ ಬೇರೆ ಇಲ್ಲ. ಅದನ್ನೂ ಇದರ ಜೊತೆಗೆ ಮಡಿಸಿಟ್ಟಿದ್ದೇನೆ. ನೆಂದರೆ ಶಾಯಿ ಹರಡುತ್ತದೆ, ಮಳೆ ಎರಚುವ ಕಿಟಕಿ ಪಕ್ಕದ ಕಪಾಟಿನಲ್ಲಿ ಮಾತ್ರ ಇಡಬೇಡಿ.