ಪ್ಲೇಟಣ್ಣನ ಬಿಳಿ ಚುಕ್ಕೆ

ಮೊನ್ನೆ ಚಿತ್ರದುರ್ಗದ ನಮ್ಮ ಕಾಲೇಜಿನಲ್ಲಿ ಪಾಠಕ್ಕೆಂದು ಸೊರಗಿದ ಟೊಮೆಟೊ ಗಿಡದ ಕಾಂಡ ಕತ್ತರಿಸಿದೆ. ಆ ಹಸಿರು ಘಾಟು ಮೂಗಿಗೆ ಬಡಿದದ್ದೇ ತಡ, ಕೈ ನಿಂತುಹೋಯಿತು. ತುಂಡನ್ನು ಗಾಜಿನ ಲೋಟದ ನೀರಿಗೆ ಇಳಿಬಿಟ್ಟರೆ ರೋಗದ ಬ್ಯಾಕ್ಟೀರಿಯಾ ಹಾಲಿನ ಎಳೆಯಂತೆ ಕೆಳಗಿಳಿಯುತ್ತದೆ. ವಿದ್ಯಾರ್ಥಿಗಳು ಬೆರಗಾಗಿ ನೋಡುತ್ತಿದ್ದರು. ನನಗೆ ಪ್ಲೇಟಣ್ಣ ನೆನಪಾದರು...

ಹೊಸದುರ್ಗದ ಕಡೆ ಬೀಜದ ಕಂಪನಿಯೊಂದರ ಪುಟ್ಟ ಲ್ಯಾಬಿನಲ್ಲಿ ನಾನು ಎಂ.ಎಸ್ಸಿ. ಪ್ರಬಂಧಕ್ಕೆ ಕೆಲಸ ಮಾಡುತ್ತಿದ್ದಾಗ ಅವರು ಅಲ್ಲಿ ದಿನಗೂಲಿಗಿದ್ದರು. ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ತಟ್ಟೆಗಳನ್ನು ತೊಳೆದು, ಹಬೆಯಲ್ಲಿ ಬೇಯಿಸಿ ಇಡುವುದು ಅವರ ಕೆಲಸ. ಅದಕ್ಕೇ ಎಲ್ಲರ ಬಾಯಲ್ಲೂ ಪ್ಲೇಟಣ್ಣ. ಮತ್ತೋಡಿನಿಂದ ಮೊದಲ ಬಸ್ಸಿಗೇ ಬರುತ್ತಿದ್ದರು. ಹದಿನಾಲ್ಕು ವರ್ಷ ದುಡಿದಿದ್ದ ಅವರನ್ನು ಆ ಯುಗಾದಿಗೆ ಕಾಯಂ ಮಾಡುವುದಾಗಿ ಕಂಪನಿಯವರು ಮಾತು ಕೊಟ್ಟಿದ್ದರು.

ನನಗಾಗ ಓದಿನ ಸೊಕ್ಕು. ಪುಸ್ತಕದಲ್ಲಿದ್ದದ್ದನ್ನೆಲ್ಲ ಅವರಿಗೆ ಒಪ್ಪಿಸುತ್ತಿದ್ದೆ. ಈ ಬ್ಯಾಕ್ಟೀರಿಯಾ ಗಿಡದೊಳಗೆ ನಾಲ್ಕಾರು ಇದ್ದಾಗ ತೆಪ್ಪಗಿರುತ್ತದೆ. ಪ್ರತಿಯೊಂದೂ ಒಂದು ರಾಸಾಯನಿಕ ಬಿಡುತ್ತಿರುತ್ತದೆ. ಸಂಖ್ಯೆ ಹೆಚ್ಚಿ ಅದು ದಟ್ಟವಾದಾಗ, ನಾವೀಗ ಸಾಕಷ್ಟು ಮಂದಿ ಆದೆವು ಎಂದು ಅವಕ್ಕೆ ತಿಳಿಯುತ್ತದೆ. ಆಗ ಒಂದು ಹಿರಿಯ ಜೀನು ಎಚ್ಚೆತ್ತು ಉಳಿದವಕ್ಕೆ ಅಪ್ಪಣೆ ಕೊಡುತ್ತದೆ. ಲೋಳೆ ಸುರಿದು, ನೀರಿನ ನಾಳ ಕಟ್ಟಿಕೊಂಡು, ಹಸಿರು ಗಿಡ ನಿಂತಲ್ಲೇ ಬಾಡುತ್ತದೆ. ಲ್ಯಾಬಿನಲ್ಲಿ ಬಹಳ ದಿನ ಸಾಕಿದರೆ ಕೆಲವುಗಳಲ್ಲಿ ಆ ಹಿರಿಯ ಜೀನೇ ಕೆಡುತ್ತದೆ. ಅವು ಬದುಕಿರುತ್ತವೆ, ಕೊಲ್ಲುವುದಿಲ್ಲ. ಇಷ್ಟೆಲ್ಲ ಒಪ್ಪಿಸಿದವಳಿಗೆ ತಟ್ಟೆಯ ಮೇಲೆ ಅವೆರಡನ್ನು ಗುರುತಿಸಲು ಬರುತ್ತಿರಲಿಲ್ಲ.

ಕಂಪನಿಯ ಹೊಸ ಟೊಮೆಟೊ ತಳಿ ರೋಗ ತಡೆಯುತ್ತದೆಯೇ ಎಂದು ಪರೀಕ್ಷಿಸುವುದು ನನ್ನ ಪ್ರಬಂಧದ ಕೆಲಸ. ಗಿಡಗಳಿಗೆ ರೋಗ ಹಾಕಬೇಕಿದ್ದ ದಿನ ತಟ್ಟೆಯಲ್ಲಿ ಚೆಲ್ಲಿದ ಗಂಜಿಯಂಥ ಬಿಳಿ ಚುಕ್ಕೆಗಳೂ ಕುಂಕುಮ ಇಟ್ಟಂಥ ದುಂಡನೆಯ ಕೆಂಪು ಚುಕ್ಕೆಗಳೂ ಇದ್ದವು. ಅಚ್ಚುಕಟ್ಟಾಗಿವೆ ಎಂದು ಕೆಂಪನ್ನೇ ಆರಿಸಿಕೊಂಡೆ. ಹಿಂದೆ ನಿಂತಿದ್ದ ಪ್ಲೇಟಣ್ಣ ಮೆಲ್ಲಗೆ, "ಬಿಳೇದು ತಗಳ್ರಿ ಮೇಡಂ. ಕೆಂಪುದು ತನ್ ಕೆಲ್ಸ ಮರ್ತೈತೆ" ಎಂದರು. ತಟ್ಟೆ ತೊಳೆಯುವವರು ನನಗೆ ಹೇಳಿಕೊಡುವುದೇ ಎನ್ನಿಸಿ ನಕ್ಕುಬಿಟ್ಟೆ.

ಕೆಂಪು ಹಾಕಿದ ಗಿಡಗಳಲ್ಲಿ ಒಂದೂ ಸಾಯಲಿಲ್ಲ. ತಳಿ ರೋಗ ತಡೆಯುತ್ತದೆಂದು ಬರೆದುಕೊಟ್ಟೆ, ಪೇಡ ಹಂಚಿದೆ. ಪ್ಲೇಟಣ್ಣನೂ ತಿಂದು ತಟ್ಟೆ ತೊಳೆಯಲು ಹೋದರು. ಕಂಪನಿಯವರು ಆ ತಳಿಯನ್ನು ತಮ್ಮ ಜಮೀನಿನಲ್ಲಿ ಹಾಕಿದರು. ಹೂ ಬಿಡುವ ಹೊತ್ತಿಗೆ ಗಿಡಗಳೆಲ್ಲ ಮಲಗಿದವು.

ಲ್ಯಾಬಿನ ಸರ್ ಅಲ್ಲಿಂದ ಒಂದು ಕಾಂಡ ತಂದು ನನ್ನ ಮೇಜಿನ ಮೇಲೆಯೇ ಲೋಟದ ನೀರಿಗೆ ಇಳಿಬಿಟ್ಟರು. ಬಿಳಿ ಎಳೆ ಇಳಿಯಿತು. ಪರೀಕ್ಷೆಗೆ ಚುಕ್ಕೆ ಆರಿಸಿದ್ದು ಯಾರೆಂದು ಕೇಳಿದರು. ಡಿಗ್ರಿ ಕೈತಪ್ಪಿತು ಅಂದುಕೊಂಡೆ.

"ತಟ್ಟೆ ಅದಲು ಬದಲು ಮಾಡಿದ್ದು ನಾನು ಸಾ. ಮೇಡಮ್ಮರಿಗೆ ಗೊತ್ತಿಲ್ಲ" ಎಂದರು ಪ್ಲೇಟಣ್ಣ.

ಒಂದು ಮಾತು ಸಾಕಿತ್ತು. ನಾನು ಆಡಲಿಲ್ಲ. ಸರ್ ಪ್ಲೇಟಣ್ಣನಿಗೆ ನಾಳೆಯಿಂದ ಬರಬೇಡವೆಂದರು. ಸಂಜೆ ಊಟದ ಡಬ್ಬಿಯ ಚೀಲ ಹಿಡಿದು ಹೊರಟವರು ನನ್ನ ಕಡೆ ನೋಡಿ ತಲೆಯಾಡಿಸಿದರು, ಪರವಾಗಿಲ್ಲ ಎನ್ನುವಂತೆ. ಪರೀಕ್ಷೆಯನ್ನು ಮತ್ತೆ ಮಾಡಿ ಡಿಗ್ರಿ ಪಡೆದೆ. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಟೈಪು ಮಾಡಿದವರ ಹೆಸರೂ ಇದೆ... ಅವರದಿಲ್ಲ.

ಹನ್ನೊಂದು ವರ್ಷವಾದ ಮೇಲೆ ಮತ್ತೋಡಿಗೆ ಹೋದೆ. ಗೋಡೆಯ ಮೇಲೆ ಅವರ ಫೋಟೋಗೆ ಹಾರ ಹಾಕಿತ್ತು. ನಾನು ಯಾರೆಂದು ಹೇಳಿದ ಮೇಲೂ ಅವರ ಹೆಂಡತಿ ಚಾಪೆ ಹಾಸಿ ಕೂರಿಸಿದರು. ಬೈಯಲಿ ಎಂದು ಕಾದೆ, ಬೈಯಲಿಲ್ಲ.

"ಡಿಗ್ರಿ ಕೈಗೆ ಬಂದ್ಮೇಲೆ ಆ ಹುಡುಗಿ ನಿಜ ಹೇಳ್ತಾಳೆ, ನನ್ನ ಕರೀತಾರೆ ಅಂತಿದ್ರು. ಮೊದಲ್ನೇ ಬಸ್ಸಿನ ಹೊತ್ತಿಗೆ ದಿನಾ ಅಂಗಿ ಹಾಕ್ಕಂಡು ಕುಂತ್ಕಳರು. ಎರಡು ವರ್ಷ ಕುಂತ್ರು ಕಣಮ್ಮ. ಆಮೇಲೆ ಬಿಟ್ರು."

ಬಸ್ಸಿನಲ್ಲಿ ವಾಪಸು ಬರುವಾಗ ಜನರ ನಡುವೆಯೇ ಅತ್ತೆ. ಅತ್ತು ಯಾರಿಗೇನು ಬಂತು?

ಮೊನ್ನೆ ಲೋಟದ ನೀರು ಬೆಳ್ಳಗಾಗುವಷ್ಟರಲ್ಲಿ ಇದನ್ನೆಲ್ಲ ವಿದ್ಯಾರ್ಥಿಗಳಿಗೆ ಹೇಳಿದೆ, ಪ್ಲೇಟಣ್ಣನ ಪೂರ್ತಿ ಹೆಸರಿನ ಸಮೇತ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಆಗಲೇ ಹೇಳಬಹುದಿತ್ತಲ್ಲ ಮೇಡಂ ಎಂದಳು.

ಹೌದು, ಹೇಳಬಹುದಿತ್ತು.