ಒಂದು ಸೈಜು ದೊಡ್ಡದು

ಹುಟ್ಟುಹಬ್ಬಕ್ಕೆಂದು ನಾನು ಕೊಡಿಸಿದ ಬಟ್ಟೆಗಳನ್ನೆಲ್ಲ ನನ್ನ ಮಗಳು ಬಹಳ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ಒಂದೂ ಹಾಳಾಗಿಲ್ಲ. ಹಾಕಿಕೊಂಡರೆ ತಾನೆ ಹಾಳಾಗುವುದು!

ಗೌರಿ ಹಬ್ಬಕ್ಕೆ ತವರಿನ ಉಡುಗೊರೆ ಆರಿಸುವುದು ನಮ್ಮ ಮನೆಯಲ್ಲಿ ಹೆಂಡತಿಯ ಖಾತೆ. ಈ ಸಲ ಅವಳ ಮಂಡಿನೋವಿನ ದೆಸೆಯಿಂದ ಅದು ನನ್ನ ಪಾಲಿಗೆ ಬಂತು. ಈ ಬಾರಿಯಾದರೂ ಮಗಳು ನಾನು ತಂದದ್ದನ್ನು ತೊಟ್ಟು ನಾಲ್ಕು ಜನರೆದುರು ಓಡಾಡಬೇಕು ಎಂಬ ಹಟದಿಂದ ವಿಮಾನಪುರದಲ್ಲಿ ಬಸ್ಸು ಹತ್ತಿ ಶಿವಾಜಿನಗರದಲ್ಲಿ ಇಳಿದೆ. "ಮೀಡಿಯಂ. ಮರೀಬೇಡಿ," ಎಂದು ಹೆಂಡತಿ ಕೂತಲ್ಲಿಂದಲೇ ಕೂಗಿದ್ದಳು.

ಅಂಗಡಿಯ ಸಾಹೇಬರು ಸಂಭಾವಿತರು. ಒಂದೊಂದೇ ಕುರ್ತಾ ಬಿಡಿಸಿ ಹರಡಿದರು. ನವಿಲುಬಣ್ಣದ್ದೊಂದು ನೋಡಿದೊಡನೆ ಹಿಡಿಸಿತು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಆಮೇಲೆ ನನ್ನ ಬಾಯಿಂದ ತಾನಾಗಿ ಹೊರಬಿತ್ತು.

"ಒಂದು ಸೈಜ್ ದೊಡ್ಡದೇ ಕೊಡಿ. ಬೆಳೆಯೋ ಹುಡುಗಿ."

"ವಯಸ್ಸೆಷ್ಟು ಸಾರ್?"

"ಮೂವತ್ನಾಲ್ಕು."

ಅವರು ನನ್ನ ಮುಖವನ್ನೇ ನೋಡಿದರು. "ಮಾಷಾ ಅಲ್ಲಾ! ಇನ್ನೂ ಬೆಳೀತಾ ಇದಾರಾ?"

ತಪ್ಪು ನನ್ನೊಬ್ಬನದಲ್ಲ. ನಮ್ಮಂಥ ಸಂಬಳದ ಮನೆಗಳಲ್ಲಿ ಮಕ್ಕಳಿಗೆ ಸರಿಯಾದ ಅಳತೆಯ ಬಟ್ಟೆ ಹೊಲಿಸಿದ ಇತಿಹಾಸವೇ ಇಲ್ಲ. ಜೂನ್ ತಿಂಗಳಲ್ಲಿ ಯೂನಿಫಾರ್ಮಿನೊಳಗೆ ಮಗು ಎಲ್ಲಿದೆ ಎಂದು ಹುಡುಕಬೇಕು. ಲಂಗದ ಅಂಚನ್ನು ದರ್ಜಿ ಒಳಕ್ಕೆ ದಪ್ಪವಾಗಿ ಮಡಿಸಿರುತ್ತಿದ್ದ. ವರ್ಷಕ್ಕೊಮ್ಮೆ ಒಂದಿಷ್ಟು ಬಿಚ್ಚಿದರಾಯಿತು. ಬಿಚ್ಚಿದಲ್ಲೆಲ್ಲ ಒಂದು ಕಡುನೀಲಿ ಗೆರೆ ಉಳಿಯುತ್ತಿತ್ತು. ಭೂಗರ್ಭಶಾಸ್ತ್ರದವರು ಬಂಡೆಯ ಪದರಗಳನ್ನು ಓದುವಂತೆ, ಆ ಗೆರೆಗಳನ್ನು ನೋಡಿ ಹುಡುಗಿ ಯಾವ ಕ್ಲಾಸೆಂದು ಹೇಳಬಹುದಿತ್ತು. ಬಟ್ಟೆ ಮೈಗೆ ಸರಿಯಾಗುವ ಹೊತ್ತಿಗೆ ಬಣ್ಣ ಹೋಗಿರುತ್ತಿತ್ತು, ಅಷ್ಟೆ.

ಇದನ್ನೆಲ್ಲ ಸಾಹೇಬರಿಗೆ ವಿವರಿಸುವುದು ಹೇಗೆ? ಮಾನ ಉಳಿಸಿಕೊಳ್ಳಲು "ಅವಳಿಗೆ ಸಡಿಲಾನೇ ಇಷ್ಟ" ಎಂದು ಸುಳ್ಳು ಹೇಳಿ, ಲಾರ್ಜನ್ನೇ ಕಟ್ಟಿಸಿಕೊಂಡು ಬಂದೆ.

ಹಬ್ಬದ ದಿನ ಮಗಳು ಇಂದಿರಾನಗರದಿಂದ ಬಂದಳು. ಕುರ್ತಾ ತೊಟ್ಟು ಹೊರಬಂದಾಗ ಭುಜದ ಹೊಲಿಗೆ ಮೊಳಕೈಯತ್ತ ಹೊರಟಿತ್ತು. ಹೆಂಡತಿ ತಲೆ ಚಚ್ಚಿಕೊಂಡಳು. ನನಗೆ ನಿಜವಾಗಿಯೂ ಬೇಜಾರಾಯಿತು.

"ಬದಲಾಯಿಸ್ಕೊಂಡು ಬರ್ತೀನಿ ಕಣಮ್ಮ," ಎಂದೆ.

"ಏನೂ ಬೇಡಪ್ಪ." ಅವಳು ತೋಳು ಮಡಚಿಕೊಂಡು ಒಂದು ಪೊಟ್ಟಣ ಚಾಚಿದಳು. "ನೀನಿದನ್ನ ಹಾಕ್ಕೊಂಡು ನೋಡು."

ನನಗೆಂದು ತಂದ ಅಂಗಿ. ಕಾಲರಿನೊಳಗೆ ನಲವತ್ತು ಎಂದಿತ್ತು. ಕಾರ್ಖಾನೆಗೆ ಹೋಗುತ್ತಿದ್ದ ಕಾಲದಿಂದಲೂ ನಾನು ನಲವತ್ತೆರಡರವನು. ಅಳತೆ ತಪ್ಪುವುದು ವಂಶದಲ್ಲೇ ಇದೆಯಲ್ಲ ಎಂದು ಒಳಗೊಳಗೇ ಖುಷಿಪಡುತ್ತ ತೊಟ್ಟೆ. ಗುಂಡಿಗಳು ಸಲೀಸಾಗಿ ಬಿದ್ದವು. ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿದೆ, ಎಲ್ಲೂ ಬಿಗಿಯಿಲ್ಲ.

"ನಲವತ್ತು ಸಾಕು ಅಂತ ನಿಂಗೆ ಹೇಗೆ ಗೊತ್ತಾಯ್ತೇ?"

"ನೋಡ್ತಾ ಇರ್ತೀನಲ್ಲಪ್ಪ," ಎಂದಳು.

ಆ ಸಡಿಲ ಕುರ್ತಾದಲ್ಲೇ ಅವಳು ಪಕ್ಕದ ಮನೆಗೆ ಬಾಗಿನ ಕೊಡಲು ಹೊರಟಳು. ಗೇಟಿನ ಬಳಿ ನಿಂತು ಅವಳನ್ನು ನೋಡಿದೆ. ಬಹಳ ವರ್ಷಗಳ ಮೇಲೆ ಸರಿಯಾಗಿ ನೋಡಿದೆ. ಹುಡುಗಿ ಬೆಳೆದು ಯಾವ ಕಾಲವಾಯಿತೋ! ಯಾರಾದರೂ ನನಗೊಂದು ಮಾತು ಹೇಳಬಾರದಿತ್ತೇ?