ಅಡುಗೆಭಟ್ಟರಿಗೆ ಬಡಿಸುವ ಭಯ

ಹೆದರಿಕೆಯ ವಿಷಯದಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ಹಲ್ಲಿಗೆ ಹೆದರುತ್ತೇನೆ, ಗುಡುಗಿಗೆ ಹೆದರುತ್ತೇನೆ, ಹೊಸ ನಯೇಪೈಸೆ ಬಂದ ಮೇಲೆ ಬಸ್ ಕಂಡಕ್ಟರಿಗೂ ಹೆದರುತ್ತೇನೆ. ತಂತಿ ತಂದ ಅಂಚೆಯವನು ಬೀದಿಯ ಆ ತುದಿಯ ಮನೆಯ ಬಾಗಿಲು ತಟ್ಟಿದರೆ ಈ ತುದಿಯಲ್ಲಿ ನನ್ನ ಎದೆ ಹೊಡೆದುಕೊಳ್ಳುತ್ತದೆ. ಆದರೆ ಇವೆಲ್ಲ ಬಂದು ಹೋಗುವ ಹೆದರಿಕೆಗಳು. ನಮ್ಮ ಮನೆಯಲ್ಲೇ ಠಿಕಾಣಿ ಹೂಡಿ, ದಿನಕ್ಕೆರಡು ಹೊತ್ತು ತಪ್ಪದೆ ನನ್ನನ್ನು ಕಂಡು ವಿಚಾರಿಸಿಕೊಂಡ ಹೆದರಿಕೆ ಒಂದೇ. ಅದು ನಮ್ಮ ಯಜಮಾನರ ಎಲೆಗೆ ನನ್ನ ಕೈಯಡುಗೆ ಬಡಿಸುವ ಹೆದರಿಕೆ.

ಯಾಕೆಂದರೆ ನಮ್ಮ ಯಜಮಾನರು ಅಡುಗೆಭಟ್ಟರು. ಮದರಾಸಿನ ವಡಪಳನಿಯಲ್ಲಿ, ಸಿನಿಮಾ ಸ್ಟುಡಿಯೋಗಳಿಗೆ ಹೋಗುವ ದಾರಿಯಲ್ಲಿ, ಕುಂದಾಪುರದ ಕಡೆಯವರೇ ನಡೆಸುವ ಒಂದು ಹೋಟೆಲಿನ ಹಿರಿಯ ಭಟ್ಟರು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮುಖಕ್ಕೆ ಬಣ್ಣ ಹಚ್ಚಿದ ರಾಜರೂ ರಾಕ್ಷಸರೂ ಕಿರೀಟ ತೆಗೆದು ಬೆಂಚಿನ ಮೇಲಿಟ್ಟು ಇವರ ಹುಳಿಗಾಗಿ ಕಾಯುತ್ತಿದ್ದರು. ಇವರು ರುಚಿ ನೋಡಿ ಅಡುಗೆ ಮಾಡಿದವರಲ್ಲ. ದೇವರಿಗೆ ತೋರಿಸುವ ಮೊದಲು ಅಡುಗೆಯನ್ನು ನಾಲಿಗೆಗೆ ತಾಗಿಸಬಾರದು ಎಂಬ ಮಡಿಯಲ್ಲಿ ಕೆಲಸ ಕಲಿತವರು. ಕೊಪ್ಪರಿಗೆಯ ಮುಚ್ಚಳ ಸರಿಸಿ, ಎದ್ದ ಆವಿಯನ್ನು ಒಮ್ಮೆ ಮೂಸಿ, ಉಪ್ಪು ಸಾಲದು ಎಂದರೆ ಸಾಲದು. ಅದರ ಮೇಲೆ ಅಪೀಲಿಲ್ಲ.

ಇಂಥವರ ಹೆಂಡತಿ ಎಷ್ಟು ಚೆನ್ನಾಗಿ ಅಡುಗೆ ಮಾಡಬಹುದು ಎಂದು ನೀವು ಊಹಿಸುತ್ತಿರಬಹುದು. ನಮ್ಮ ಬೀದಿಯವರೂ ಊಹಿಸುತ್ತಿದ್ದರು. ಸತ್ಯವನ್ನು ಹೇಳಿಯೇ ಬಿಡುತ್ತೇನೆ. ಮದುವೆಯಾಗಿ ಹನ್ನೆರಡು ವರ್ಷವಾದರೂ ನನಗೆ ಅಡುಗೆ ಬರುತ್ತಿರಲಿಲ್ಲ. ಹಿರಿಯ ಭಟ್ಟರ ಮನೆಗೆ ಎರಡು ಹೊತ್ತಿನ ಊಟವೂ ಹೋಟೆಲಿನಿಂದಲೇ ಕ್ಯಾರಿಯರಿನಲ್ಲಿ ಬರುವುದು ಆ ಹೋಟೆಲಿನ ವಾಡಿಕೆ. ತವರಿನಲ್ಲಿ ಅಜ್ಜಿ ಮತ್ತು ಇಬ್ಬರು ಸೋದರತ್ತೆಯರು ನನ್ನನ್ನು ಒಲೆಯ ಹತ್ತಿರ ಸೇರಿಸಲಿಲ್ಲ, ಇಲ್ಲಿ ಕ್ಯಾರಿಯರ್ ಸೇರಿಸಲಿಲ್ಲ. ನಾನು ಕಾಫಿ ಮಾಡುತ್ತಿದ್ದೆ, ಹಾಲು ಕಾಯಿಸುತ್ತಿದ್ದೆ, ಉಳಿದ ಹೊತ್ತಿನಲ್ಲಿ ಊರಿನಿಂದ ಬರುವ ವಾರಪತ್ರಿಕೆಗಳನ್ನು ಜಾಹೀರಾತು ಸಮೇತ ಓದುತ್ತಿದ್ದೆ.

ಪಕ್ಕದ ಮನೆಯ ಮಾಮಿ ಒಂದು ದಿನ ಸಾರಿನ ಪುಡಿಯ ಗುಟ್ಟು ಕೇಳಿದರು. ಬಾಯಿಬಿಟ್ಟರೆ ಮರ್ಯಾದೆ ಹೋಗುತ್ತದೆ. ಕೊತ್ತಂಬರಿ ಬೀಜ ಒಂದು ಹಿಡಿ ಹೆಚ್ಚು, ಮೆಣಸು ಸ್ವಲ್ಪ ಕಡಿಮೆ, ಕಾಳುಮೆಣಸು ಮಾತ್ರ ಕೈಬಿಡಬಾರದು ಎಂದು ಬಾಯಿಗೆ ಬಂದದ್ದನ್ನು ಗಂಭೀರವಾಗಿ ಹೇಳಿಬಿಟ್ಟೆ. ಅವರು ಪಾಪ, ನಂಬಿಕೊಂಡು ವರ್ಷಗಟ್ಟಲೆ ಹಾಗೆಯೇ ಮಾಡಿದರು.

ಹೀಗೆ ನಡೆಯುತ್ತಿದ್ದಾಗ ಒಂದು ಮಧ್ಯಾಹ್ನ ಇವರು ಹೋಟೆಲಿನ ಒಲೆಯ ಎದುರೇ ಕಣ್ಣು ಕತ್ತಲೆಗಟ್ಟಿ ಕುಸಿದರು. ಜೊತೆಯ ಅಡುಗೆಯವರಿಬ್ಬರು ರಿಕ್ಷಾದಲ್ಲಿ ಡಾಕ್ಟರರ ಷಾಪಿಗೆ ಕರೆತಂದು ನನಗೆ ಹೇಳಿಕಳಿಸಿದರು. ನಾನು ಮಗಳು ವಾರಿಜಳ ಕೈ ಹಿಡಿದು ಓಡಿದೆ. ಡಾಕ್ಟರು ತಮಿಳಿನವರು, ವಯಸ್ಸಾದವರು. ಇವರ ತೋಳಿಗೆ ಬಟ್ಟೆಯ ಪಟ್ಟಿ ಸುತ್ತಿ ರಬ್ಬರಿನ ಉಂಡೆಯನ್ನು ಒತ್ತುತ್ತಿದ್ದರು. ಗಾಜಿನ ಕೊಳವೆಯಲ್ಲಿ ಪಾದರಸ ಮೇಲೇರುತ್ತಿತ್ತು. ಎಷ್ಟು ಏರಿದರೆ ತಪ್ಪು ಎಂದು ನನಗೆ ತಿಳಿಯದು. ಡಾಕ್ಟರರ ಹುಬ್ಬು ನೋಡಿ ತಿಳಿದುಕೊಂಡೆ.

“ಉಪ್ಪು ಕೂಡಾದು. ಊರುಗಾಯ್, ಅಪ್ಪಳಂ ಕೂಡಾದು. ಓಟ್ಟಲ್ ಸಾಪ್ಪಾಡು ಕೂಡವೇ ಕೂಡಾದು” ಎಂದರು. ಉಪ್ಪು, ಉಪ್ಪಿನಕಾಯಿ, ಹಪ್ಪಳ, ಹೋಟೆಲಿನ ಊಟ ಎಲ್ಲಕ್ಕೂ ವಿನಾಯಿತಿಯೇ ಇಲ್ಲದ ನಿಷೇಧ. ಎಣ್ಣೆ, ತೆಂಗಿನಕಾಯಿಯಲ್ಲೂ ಕೈ ಬಿಗಿ ಹಿಡಿಯಬೇಕು. ಇನ್ನು ಮೇಲೆ ಮನೆಯ ಊಟವೇ ಔಷಧ, ತಪ್ಪಿದರೆ ಒಂದು ಕಡೆಯ ಕೈಕಾಲು ಬಿದ್ದುಹೋಗಬಹುದು, ಇಲ್ಲವೇ… ಎಂದು ಮಾತು ನಿಲ್ಲಿಸಿ ಬೆರಳನ್ನು ಮೇಲಕ್ಕೆತ್ತಿದರು. ನಾನು ಮೇಲೆ ನೋಡಿದೆ. ಫ್ಯಾನು ತಿರುಗುತ್ತಿತ್ತು. ಮನೆಯ ಊಟ ಎಂದರೆ ನಾನು ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ನನಗೂ ಕೂರಲು ಸ್ಟೂಲು ಕೊಟ್ಟರು.

ಉಪ್ಪಿನ ಬಗ್ಗೆ ನಮ್ಮ ಹಿರಿಯರಿಗೆ ಎಷ್ಟು ಗೌರವ ನೋಡಿ. ಆರು ರಸಗಳಲ್ಲಿ ಅದೂ ಒಂದು ಎಂದು ಹೇಳಿದರೂ ಉಳಿದ ಐದನ್ನು ಕೈಹಿಡಿದು ಮುಂದಕ್ಕೆ ಕರೆತರುವುದು ಅದೇ. ಹೆಣ್ಣಿನ ಚೆಲುವಿಗೆ ಲಾವಣ್ಯ ಎನ್ನುವುದೂ ಲವಣದ ದೆಸೆಯಿಂದಲೇ ಅಂತೆ. ಹುಳಿಯಿಂದ ಅಂಥ ಮಾತು ಹುಟ್ಟಲಿಲ್ಲ. ಧಣಿಯ ಋಣವನ್ನು ನಾವು ಉಪ್ಪಿನ ಋಣ ಎನ್ನುತ್ತೇವೆ, ಬೆಲ್ಲದ ಋಣ ಎನ್ನುವುದಿಲ್ಲ. ಅಡುಗೆ ಬಲ್ಲವರಿಗೇ ಉಪ್ಪಿಲ್ಲದೆ ಕೈ ಓಡುವುದಿಲ್ಲ. ನಾನೋ ಅಕ್ಷರಾಭ್ಯಾಸಕ್ಕೆ ಕೂರುವ ದಿನವೇ ಪರೀಕ್ಷೆಗೂ ಕೂತವಳು.

ಮೊದಲ ದಿನ ಉಪ್ಪಿನ ಭರಣಿಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದೆ. ಇದ್ದಿಲೊಲೆಯ ಮೇಲೆ ಬೇಳೆ ಬೇಯಿಸಿ ಕುಂಬಳಕಾಯಿ ಹುಳಿ ಮಾಡಿದೆ. ಬಡಿಸುವಾಗ ಸೌಟು ಪಾತ್ರೆಗೆ ತಾಗಿ ಟಕಟಕ ಎನ್ನುತ್ತಿತ್ತು. ಮಗಳು ಒಂದು ತುತ್ತು ಬಾಯಿಗಿಟ್ಟು, “ಅಮ್ಮಾ, ಉಪ್ಪೇ ಇಲ್ಲೈ” ಎಂದಳು. ಶಾಲೆಗೆ ಸೇರಿದ ಮೇಲೆ ಅವಳ ದೂರುಗಳೆಲ್ಲ ತಮಿಳಿನಲ್ಲೇ.

“ನೀ ಸುಮ್ನೆ ಉಣ್ಣ್ ಮಗಾ” ಎಂದರು ಇವರು. ತಲೆ ತಗ್ಗಿಸಿ ಎಲೆಯನ್ನು ಪೂರ್ತಿ ಖಾಲಿ ಮಾಡಿದರು.

“ಹ್ಯಾಂಗಿತ್ತ್?” ಎಂದೆ.

“ಅಡ್ಡಿಲ್ಲೆ” ಎಂದರು.

ನಮ್ಮ ಕಡೆಯ ಈ ಅಡ್ಡಿಲ್ಲೆ ಎಂಬ ಮಾತನ್ನು ಮಳೆಯ ಬಗ್ಗೆ, ವರನ ಬಗ್ಗೆ, ಗುಣವಾಗದ ಕಾಯಿಲೆಯ ಬಗ್ಗೆ ಎಲ್ಲದಕ್ಕೂ ಹೇಳಬಹುದು. ಅದನ್ನು ಕೇಳಿದವರಿಗೆ ಏನೂ ತಿಳಿಯುವುದಿಲ್ಲ. ಅಪರಿಚಿತರ ಮನೆಯಲ್ಲಿ ಉಂಡು ಏಳುವವರ ಸೌಜನ್ಯ ಇವರದು. ಹೋಟೆಲಿನಲ್ಲಿ ಒಂದು ಹರಳು ಹೆಚ್ಚಾದರೆ ಮೂರು ಜನರನ್ನು ಬೈಯುವವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ನನಗೆ ಅಳು ಬಂತು.

ಕೊನೆಗೆ ಮಾನ ಬಿಟ್ಟು ಮಾಮಿಯ ಬಾಗಿಲಿಗೆ ಹೋದೆ. ಅವರು ನಗಲಿಲ್ಲ, ಬದಲಿಗೆ ನನ್ನನ್ನು ಮಣೆಯ ಮೇಲೆ ಕೂರಿಸಿ ಬಾಳೆದಿಂಡು ನಾರು ತೆಗೆದು ಹೆಚ್ಚುವುದು, ಸೊಪ್ಪನ್ನು ಮುಚ್ಚದೆ ಬೇಯಿಸುವುದು, ಉಪ್ಪಿಲ್ಲದ ಕಡೆ ನಿಂಬೆ, ಶುಂಠಿ, ಹುರಿದ ಜೀರಿಗೆಯಿಂದ ನಾಲಿಗೆಯನ್ನು ಸಮಾಧಾನ ಮಾಡುವುದು, ಒಗ್ಗರಣೆಗೆ ಎಣ್ಣೆಯನ್ನು ಸುರಿಯದೆ ಚಮಚದಲ್ಲಿ ಅಳೆಯುವುದು ಎಲ್ಲ ಹೇಳಿಕೊಟ್ಟರು. ಮೂರನೆಯ ದಿನ, “ನಿಮ್ಮದೇ ಪುಡಿ” ಎಂದು ಆ ಸಾರಿನ ಪುಡಿಯನ್ನೂ ಕಲಿಸಿದರು. ಕೊತ್ತಂಬರಿ ಬೀಜ ಒಂದು ಹಿಡಿ ಹೆಚ್ಚು. ನನ್ನ ಸುಳ್ಳನ್ನು ನಾನೇ ಕಲಿತು ಬಂದೆ. ಹೇಳಲು ನಾಚಿಕೆ, ಅದು ನಿಜವಾಗಿಯೂ ರುಚಿಯಾಗಿತ್ತು.

ಕೈ ಕಲಿಯುತ್ತಿದ್ದರೂ ಎದೆ ಕಲಿಯಲಿಲ್ಲ. ಇವರು ಆಗ ರಜೆಯ ಮೇಲೆ ಮನೆಯಲ್ಲಿದ್ದರು. ಬಚ್ಚಲಿನಲ್ಲಿ ನೀರಿನ ಸದ್ದು ನಿಂತರೆ, “ನೀರ್ ಸಾಕಾ?” ಎಂದು ಕೂಗುತ್ತಿದ್ದೆ. ನೀರಿನ ಚಿಂತೆ ನನಗಿರಲಿಲ್ಲ, ದನಿ ಕೇಳಬೇಕಿತ್ತು. ಉತ್ತರ ಬರುವವರೆಗೆ ಸೌಟು ಕೈಯಲ್ಲೇ ನಿಂತಿರುತ್ತಿತ್ತು. ಊಟದ ನಡುವೆ ಕೆಮ್ಮಿದರೆ ಸೌಟು ಬಿಟ್ಟು ನೀರಿನ ಲೋಟ ಹಿಡಿದು ಓಡುತ್ತಿದ್ದೆ. ಬೀದಿಯ ಕೊನೆಯ ಮನೆಯಲ್ಲಿ ಇಪ್ಪತ್ತೈದರ ವಯಸ್ಸಿನ ವಿಧವೆಯೊಬ್ಬಳಿದ್ದಳು. ಆ ದಾರಿಯಲ್ಲಿ ತರಕಾರಿಗೆ ಹೋಗುವುದನ್ನು ಬಿಟ್ಟು ಮುರುಗನ ಗುಡಿಯ ಸುತ್ತು ಹಾಕಿ ಹೋಗಲಾರಂಭಿಸಿದೆ. ಅವಳಿಗೆ ನಾನು ಮಾಡಿದ ಈ ಅನ್ಯಾಯ ಈಗಲೂ ಚುಚ್ಚುತ್ತದೆ.

ಇದೇ ಸಮಯಕ್ಕೆ ಊರಿನಿಂದ ಅತ್ತೆಯವರು, ಮಗನ ಬಾಯಿ ಕೆಟ್ಟಿರಬೇಕೆಂದು, ರೈಲಿನಲ್ಲಿ ಬರುವವರ ಕೈಯಲ್ಲಿ ಒಂದು ದೊಡ್ಡ ಭರಣಿ ಸೊಳೆ ಕಳಿಸಿದರು. ಹಲಸಿನ ಕಾಯಿಯ ತೊಳೆಗೆ ನಾವು ಸೊಳೆ ಎನ್ನುತ್ತೇವೆ. ಬೇಸಗೆಯಲ್ಲಿ ಬಿಡಿಸಿ ಭರಣಿಯಲ್ಲಿ ತುಂಬಿಟ್ಟರೆ ವರ್ಷವಿಡೀ ಪಲ್ಯ, ಹುಳಿಗಳಿಗೆ ಆಗುತ್ತದೆ. ನಾನು ಅದನ್ನು ಮೂರು ನೀರಿನಲ್ಲಿ ತೊಳೆದು, ಹಿಂಡಿ, ಚೂರು ತೆಂಗಿನತುರಿ ಹಾಕಿ ಪಲ್ಯ ಮಾಡಿದೆ. ಅಟ್ಟದ ಭರಣಿಯನ್ನು ಮುಟ್ಟಲಿಲ್ಲ. ಇವರು ಪಾತ್ರೆಯ ಮುಚ್ಚಳ ಸರಿಸಿ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಉಂಡರು. ಎರಡನೆಯ ಸಲ ಹಾಕಿಸಿಕೊಂಡರು. ನನ್ನ ಕೈಯಡುಗೆಯನ್ನು ಇವರು ಎರಡನೆಯ ಸಲ ಹಾಕಿಸಿಕೊಂಡದ್ದು ಅದೇ ಮೊದಲು.

ಅವರದಾದ ಮೇಲೆ ನಾನೂ ಉಂಡೆ. ರುಚಿ ಎಂದರೆ ರುಚಿ. ಉಪ್ಪಿಲ್ಲದೆ ಇಷ್ಟು ರುಚಿ ಬರಬೇಕಾದರೆ ಕೈ ಕುದುರಿತು ಎಂದೇ ಅರ್ಥ ಮಾಡಿಕೊಂಡೆ. ಆ ಮೇಲೆ ಹದಿನೈದು ದಿನ ನಮ್ಮ ಮನೆಯಲ್ಲಿ ಸೊಳೆಯ ಪಲ್ಯ, ಸೊಳೆಯ ಹುಳಿ, ಸೊಳೆಯ ಬೆಂದಿ ಎಂಬ ಗಟ್ಟಿ ಮೇಲೋಗರ. ಡಾಕ್ಟರರನ್ನೇ ಒಮ್ಮೆ ಊಟಕ್ಕೆ ಕರೆದರೆ ಹೇಗೆ ಎಂದು ಯೋಚಿಸುವವರೆಗೆ ನನ್ನ ಧೈರ್ಯ ಬೆಳೆಯಿತು.

ಹದಿನಾರನೆಯ ದಿನ ತೋರಿಸಲು ಹೋದೆವು. ಪಾದರಸ ಏರಿತು. ಮೊದಲ ಸಲ ನಿಂತಲ್ಲಿ ನಿಲ್ಲದೆ ಇನ್ನೂ ಏರಿತು. ಡಾಕ್ಟರು ಪಟ್ಟಿ ಬಿಚ್ಚಿ ಮತ್ತೆ ಸುತ್ತಿ ಮತ್ತೊಮ್ಮೆ ನೋಡಿದರು. ಏನು ಬಡಿಸಿದೆ ಎಂದು ನನ್ನನ್ನು ಕೇಳಿದರು. ಒಂದು ಹರಳು ಉಪ್ಪು ಹಾಕಿದ್ದರೆ ಕೇಳಿ ಎಂದು ನಾನು ಅಡುಗೆಗಳ ಪಟ್ಟಿ ಒಪ್ಪಿಸಿದೆ. ಸೊಳೆ ಎಂದಾಗ ಅವರು ತಡೆದು, “ಅದು ಎನ್ನ?” ಎಂದರು. ನನ್ನ ತಮಿಳು ಅಲ್ಲಿಗೆ ಮುಗಿಯಿತು. ಮಗಳು ಮುಂದೆ ಬಂದು ಅದು ಹಲಸಿನದು ಎಂದು ವಿವರಿಸಿ, “ಉಪ್ಪುತ್ತಣ್ಣಿಯಿಲೆ ವರುಷಂ ಪೂರಾ ಪೋಟ್ಟು ವೈಪ್ಪಾಂಗ” ಎಂದಳು.

ಉಪ್ಪುನೀರಿನಲ್ಲಿ ವರ್ಷಪೂರ್ತಿ ಹಾಕಿಡುತ್ತಾರೆ. ಹುಟ್ಟಿದಂದಿನಿಂದ ಕಂಡ ವಸ್ತು. ಅಜ್ಜಿ ಹೆಡಿಗೆಗಟ್ಟಲೆ ಉಪ್ಪು ಸುರಿಯುವಾಗ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಆದರೆ ಮಗಳು ಅದನ್ನು ತಮಿಳಿನಲ್ಲಿ ಡಾಕ್ಟರರಿಗೆ ಹೇಳುವವರೆಗೆ ನಾನು ಬೇಯಿಸುತ್ತಿದ್ದುದು ಏನು ಎಂದು ನನಗೆ ತಿಳಿಯಲಿಲ್ಲ. ತೊಳೆದರೆ ಹೋಯಿತು ಎಂದುಕೊಂಡಿದ್ದೆ. ಒಂದು ಭರಣಿಯನ್ನು ಅಟ್ಟಕ್ಕೇರಿಸಿ ಇನ್ನೊಂದನ್ನು ಒಲೆಯ ಪಕ್ಕದಲ್ಲಿ ಇಟ್ಟುಕೊಂಡು, ಹದಿನೈದು ದಿನ ಎರಡೆರಡು ಸಲ, ನಗುನಗುತ್ತಾ ಬಡಿಸಿದ್ದೆ. ಷಾಪಿನಿಂದ ಹೊರಗೆ ಬರುವಾಗ ನನ್ನ ಕೈಯನ್ನು ನೋಡಿಕೊಳ್ಳಲು ನನಗೇ ಹೆದರಿಕೆಯಾಯಿತು.

ಮನೆಗೆ ಬಂದು ಮಗಳು ಆಡಲು ಹೋದ ಮೇಲೆ ಕೇಳಿದೆ: “ನಿಮ್ಗೆ ಗೊತ್ತಿತ್ತಾ?”

“ಗೊತ್ತಾಗ್ದೆ ಎಂತ? ಮುಚ್ಚಳ ತೆಗ್ದ್ ಕೂಡ್ಲೆ ಗೊತ್ತಾಯ್ತ್.”

“ಮತ್ತೆ ಹೇಳ್ಲಿಲ್ಲೆ ಎಂತಕ್ಕೆ?”

ಇವರು ಅಂಗೈ ಉಜ್ಜಿಕೊಂಡರು. “ಹೇಳಿರೆ ನೀ ಮತ್ತೆ ಒಲೆ ಬದಿಗೆ ಹೋತಿಲ್ಯೇನೋ ಅಂದ್ ಹೆದ್ರಿಕೆ ಆಯ್ತ್. ಅಷ್ಟ್ ಖುಷಿಯಿಂದ ಬಡಿಸ್ತಿದ್ದೆ.”

ನನಗೆ ಎಲ್ಲಿಂದ ಸಿಟ್ಟು ಬಂತೋ ಕಾಣೆ. “ನಿಮ್ ಹೆದ್ರಿಕೆಗೆ ನನ್ನ್ ಕುಂಕುಮ ಹೋತಿತ್ತಲ್ಲ” ಎಂದೆ. ಹನ್ನೆರಡು ವರ್ಷದಲ್ಲಿ ಆಡಿದ ಅತಿ ದೊಡ್ಡ ಮಾತು ಅದು. ಆಡಿದ ಮೇಲೆ ಅಡುಗೆಮನೆಗೆ ಹೋಗಿ ಕೂತೆ. ಇವರೂ ಹಿಂದೆಯೇ ಬಂದು ಹೊಸ್ತಿಲಲ್ಲಿ ಕೂತರು.

ಆಮೇಲೆ ಈ ಬಗ್ಗೆ ಬಹಳ ಯೋಚಿಸಿದ್ದೇನೆ. ಇಡೀ ಮನೆಯಲ್ಲಿ ಹೆದರುವವಳು ನಾನೊಬ್ಬಳೇ ಎಂದುಕೊಂಡಿದ್ದೆ. ನಾನು ಅವರ ಜೀವಕ್ಕೆ ಹೆದರಿದೆ, ಅವರು ನನ್ನ ಮನಸ್ಸಿಗೆ ಹೆದರಿದರು. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲು ಹೊರಟು ಪಾದರಸವನ್ನು ಏರಿಸಿದೆವು. ಗಂಡಹೆಂಡಿರ ನಡುವೆ ಸೌಜನ್ಯ ಇರಬೇಕು, ಸರಿ. ಆದರೆ ಎಲೆಯ ಮುಂದೆ ಅದಕ್ಕೆ ಮಣೆ ಹಾಕಬಾರದು ಎಂದು ಈಗ ನನ್ನ ಅಭಿಪ್ರಾಯ.

ಸೊಳೆಯ ಭರಣಿ ಮಾಮಿಯ ಮನೆಗೆ ಹೋಯಿತು. ಅವರ ರಕ್ತದ ಒತ್ತಡವನ್ನು ಡಾಕ್ಟರರಿಂದ ಮೊದಲು ಅಳೆಯಿಸಿಯೇ ಕೊಟ್ಟೆ. ನಮ್ಮ ಅಡುಗೆಯನ್ನು ದೇವರಿಗೆ ಒಂದು ಬಟ್ಟಲಲ್ಲಿ ಮೊದಲೇ ತೆಗೆದಿಟ್ಟು ತೋರಿಸಿ, ಆಮೇಲೆ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ರುಚಿ ನೋಡುವ ಹೊಸ ಕ್ರಮ ಶುರುಮಾಡಿದೆ. ಮಡಿಯವರು ಏನಾದರೂ ಅಂದುಕೊಳ್ಳಲಿ. ಮೂರು ತಿಂಗಳಲ್ಲಿ ಪಾದರಸ ಕೆಲವು ಗೆರೆ ಇಳಿಯಿತು. ಇವರು ಅರ್ಧ ದಿನದ ಮಟ್ಟಿಗೆ ಹೋಟೆಲಿಗೆ ಹೋಗತೊಡಗಿದರು. ಕ್ಯಾರಿಯರ್ ಈಗ ಮನೆಯಿಂದ ಹೋಟೆಲಿಗೆ ಹೋಗುತ್ತಿತ್ತು, ಅಲ್ಲಿನವರು ಭಟ್ಟರನ್ನು ಮನಸಾರೆ ಗೇಲಿ ಮಾಡುತ್ತಿದ್ದರಂತೆ. ಡಾಕ್ಟರು ದಿನಕ್ಕೆ ಒಂದು ಚಿಟಿಕೆ ಉಪ್ಪಿಗೆ ಅನುಮತಿ ಕೊಟ್ಟರು. ಆ ಚಿಟಿಕೆಯನ್ನು ಮುಂಜಾನೆಯೇ ಪುಟ್ಟ ಬಟ್ಟಲಿನಲ್ಲಿ ತೆಗೆದಿಡುತ್ತಿದ್ದೆ.

ಒಂದು ಶುಕ್ರವಾರ ಸಂಜೆ ಮೂವರೂ ಊಟಕ್ಕೆ ಸೇರಿದ್ದೆವು. ನುಗ್ಗೆಸೊಪ್ಪಿನ ಪಲ್ಯ, ತೊಗರಿಬೇಳೆಯ ಸಾರು. ಇವರು ಒಂದು ತುತ್ತು ಕಲಸಿ ಬಾಯಿಗಿಟ್ಟು, ತಲೆಯೆತ್ತಿ ನೇರವಾಗಿ ನನ್ನನ್ನೇ ನೋಡಿ, “ಸಾರ್ ಸಪ್ಪೆ. ಬ್ಯಾಳೆಯೂ ಸಮಾ ಬೆಂದಿಲ್ಲೆ” ಎಂದರು. ಮಗಳು ಉಣ್ಣುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ಬ್ಯಾಳೆ ನಾಳೆ ಬೇಯ್ತ್. ಸಪ್ಪೆ ಸಪ್ಪೆಯೇ. ಉಣ್ಣಿ” ಎಂದು ಇನ್ನೊಂದು ಸೌಟು ಬಡಿಸಿದೆ. ಸೌಟು ಪಾತ್ರೆಗೆ ತಾಗಿ ಈ ಸಲವೂ ಒಮ್ಮೆ ಟಕ್ ಎಂದಿತು. ಆದರೆ ಸಾರು ಎಲೆಯಿಂದ ಆಚೆ ಹೋಗಲಿಲ್ಲ.